ನೀಲಗಿರಿ ಕುಂಡಶಾಸ್ತ್ರ ಪ್ರವೇಶಿಕೆ

ಕುಂಡಶಾಸ್ತ್ರವೆಂದರೆ ಮನೆಯೊಳಗಿನ ಹೂಕುಂಡದಲ್ಲಿ ಗಿಡವೊಂದನ್ನು ಬದುಕಿಸಿಡುವ ವಿದ್ಯೆ. ಎಲ್ಲ ಶಾಸ್ತ್ರಗಳಂತೆ ಇದಕ್ಕೂ ಅನುಬಂಧ ಚತುಷ್ಟಯವಿದೆ. ವಿಷಯ, ಗಿಡ. ಪ್ರಯೋಜನ, ಮನೆಗೆ ಬಂದ ನೆಂಟರಿಗೆ ತೋರಿಸುವುದು. ಅಧಿಕಾರಿ, ಈಗಾಗಲೇ ಕನಿಷ್ಠ ಮೂರು ಗಿಡಗಳನ್ನು ಕೊಂದವನು. ಸಂಬಂಧ, ಗಿಡಕ್ಕೂ ಅದನ್ನು ಸಾಕಿದವನಿಗೂ ಇರುವಂಥದ್ದು. ಅದು ಬಹುಮಟ್ಟಿಗೆ ಅಲ್ಪಾಯುಷಿ.

ಕ್ಷೇತ್ರ ನಿರ್ಣಯ

ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು ಹನ್ನೊಂದೂವರೆ ಡಿಗ್ರಿಯಲ್ಲಿರುವ ನೀಲಗಿರಿ ಜಿಲ್ಲೆ ಭೂಗೋಳದ ಪ್ರಕಾರ ಅಪ್ಪಟ ಉಷ್ಣವಲಯ. ಡಿಸೆಂಬರ್ ಕೊನೆಗೆ ಉದಕಮಂಡಲದ ಹುಲ್ಲಿನ ಮೇಲೆ ಹೆಪ್ಪುಗಟ್ಟುವ ಇಬ್ಬನಿಗೆ ಈ ಸಂಗತಿ ಇನ್ನೂ ತಿಳಿದಂತಿಲ್ಲ. ಶಾಸ್ತ್ರಜ್ಞರು ಜಿಲ್ಲೆಯನ್ನು ಮೂರು ಮಂಡಲಗಳಾಗಿ ವಿಂಗಡಿಸುತ್ತಾರೆ. 2,200 ಮೀಟರಿಗೂ ಎತ್ತರದ ಉದಕಮಂಡಲ ಶೀತಮಂಡಲ. ಇಲ್ಲಿ ಗಿಡ ನಡುಗಿ ಸಾಯುತ್ತದೆ. ನೈಋತ್ಯ ಮುಂಗಾರಿಗೆ ಎದೆಯೊಡ್ಡಿ ನಿಂತ ಗೂಡಲೂರು ಜಲಮಂಡಲ. ಇಲ್ಲಿ ಕೊಳೆತು ಸಾಯುತ್ತದೆ. ಬೆಟ್ಟದ ಮಳೆನೆರಳಿಗೆ ಬಿದ್ದ ಮಸಿನಗುಡಿ ಶುಷ್ಕಮಂಡಲ. ಇಲ್ಲಿ ಒಣಗಿ ಸಾಯುತ್ತದೆ. ಅಂಗಳದಲ್ಲಿಟ್ಟ ಕುಂಡವನ್ನು ಆನೆ ಮುಗಿಸುವುದೂ ಉಂಟು. ಆನೆಯನ್ನು ರೋಗಗಳ ಪಟ್ಟಿಗೆ ಸೇರಿಸಬೇಕೋ ಕೀಟಗಳ ಪಟ್ಟಿಗೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಪೂರ್ವಾಚಾರ್ಯರು

ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಗಾಜಿನ ಮುಚ್ಚಿದ ಪೆಟ್ಟಿಗೆಯೊಳಗೆ ಗಿಡಗಳು ಬಹುಕಾಲ ಬದುಕುವುದನ್ನು 19ನೇ ಶತಮಾನದ ಪೂರ್ವಾರ್ಧದಲ್ಲಿ ಕಂಡುಕೊಂಡ. ಅಂಥ ಪೆಟ್ಟಿಗೆಗಳಲ್ಲೇ 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ದಕ್ಷಿಣ ಅಮೆರಿಕದಿಂದ ಸಿಂಕೋನ ಸಸಿಗಳನ್ನು ನೀಲಗಿರಿಗೆ ತಂದ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಆ ಮರದ ತೊಗಟೆಯದು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂದ ಸಸಿಗಳು ಬೆಟ್ಟ ಹತ್ತಿದ ಮೇಲೂ ಚೇತರಿಸಿಕೊಳ್ಳಲಿಲ್ಲ. ಮರುವರ್ಷ ಈಕ್ವೆಡಾರಿನಿಂದ ಬಂದ ಕೆಂಪು ತೊಗಟೆಯ ಸಸಿಗಳು ಬದುಕಿದವು. ಅವನ್ನು ಬೆಳೆಸಿದವನು 1848ರಲ್ಲಿ ಸರ್ಕಾರಿ ಸಸ್ಯೋದ್ಯಾನ ಕಟ್ಟಲು ಬಂದಿದ್ದ ವಿಲಿಯಂ ಗ್ರಹಾಂ ಮೆಕೈವರ್. ಸರ್ಕಾರದ ಖಜಾನೆ, ಉಗಿಹಡಗು, ಗಾಜಿನ ಪೆಟ್ಟಿಗೆ ಎಲ್ಲವೂ ಇದ್ದು ಮೊದಲ ಕಂತು ಸತ್ತಿತೆಂದ ಮೇಲೆ, ಕಿಟಕಿಯ ಪಕ್ಕ ಒಂದು ಮನಿ ಪ್ಲಾಂಟ್ ಸತ್ತದ್ದಕ್ಕೆ ಗೃಹಸ್ಥರು ತಲೆತಗ್ಗಿಸಬೇಕಿಲ್ಲ.

ಮರಣ ಕಾರಣಗಳು

ಮೊದಲನೆಯದು ಪ್ರೀತಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರುಗಟ್ಟುತ್ತದೆ, ಕೊಳೆರೋಗ ಹತ್ತುತ್ತದೆ. ಕೊಳೆತ ಬೇರು ನೀರನ್ನು ಮೇಲೇರಿಸಲಾರದು. ಹಾಗಾಗಿ ಕೆಸರಿನಲ್ಲಿ ನಿಂತ ಗಿಡದ ಎಲೆಯೂ ಬಾಡುತ್ತದೆ. ಬಾಡಿದ್ದನ್ನು ಕಂಡ ಯಜಮಾನರು ಅಯ್ಯೋ ಪಾಪ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಇಂಥ ಗಿಡವನ್ನು ಬುಡಸಮೇತ ಕಿತ್ತರೆ ಬೆಳ್ಳಗೆ ಗಟ್ಟಿಯಾಗಿರಬೇಕಾದ ಬೇರು ಕಂದಾಗಿ, ಬೆರಳಿಗೆ ಸಿಪ್ಪೆ ಜಾರಿ, ಚರಂಡಿಯ ವಾಸನೆ ಹೊಡೆಯುತ್ತದೆ. ಗೂಡಲೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರೀತಿಯ ಪಾಲನ್ನು ಆಕಾಶವೇ ವಹಿಸಿಕೊಳ್ಳುತ್ತದೆ.

ಎರಡನೆಯದು ಪ್ರವಾಸ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವು ಹತ್ತಿ ಉದಕಮಂಡಲ ಸೇರಿದ ಗಿಡ ಒಂದೇ ಗಂಟೆಯೊಳಗೆ ಏಳೆಂಟು ಡಿಗ್ರಿ ಬಿಸಿ ಕಳೆದುಕೊಳ್ಳುತ್ತದೆ. ಅಲ್ಲಿನ ಮೇ ತಿಂಗಳ ಪುಷ್ಪ ಪ್ರದರ್ಶನಕ್ಕೆ ಬಂದವರು ಕೊಂಡೊಯ್ಯುವ ಫ್ಯೂಷಿಯಾದ ಗತಿ ಇದರ ತಿರುಗುಮುರುಗು; ತಂಪು ಬಯಸುವ ಅದು ಮೈಸೂರಿನ ಬೇಸಿಗೆ ದಾಟುವುದು ಕಷ್ಟ. 2024ರಿಂದ ಜಿಲ್ಲೆಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬೇಕು. ಹೊರಹೋಗುವ ಫ್ಯೂಷಿಯಾವನ್ನು ತಡೆಯುವವರಿಲ್ಲ.

ಮೂರನೆಯದು ಸಲಹೆ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆಂಬುದು ಸರ್ವಜನ ಸಮ್ಮತ, ಆದರೆ ತಪ್ಪು. ನುಣುಪು ಮಣ್ಣಿನ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಬೇಕಾದದ್ದು ತಳದಲ್ಲಿ ತೂತು, ಮಣ್ಣಿನಲ್ಲಿ ಮರಳು.

ಪ್ರಮಾಣ ವಿಚಾರ

ನೀರು ಬೇಕೋ ಬೇಡವೋ ತಿಳಿಯಲು ಪ್ರಮಾಣಗಳು ಮೂರು. ಪ್ರತ್ಯಕ್ಷ: ಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗಿಳಿಸುವುದು. ಅನುಮಾನ: ಕುಂಡವನ್ನು ಎತ್ತಿ ತೂಕ ನೋಡುವುದು; ಹಗುರವಾದದ್ದು ಬಾಯಾರಿದೆ. ಶಬ್ದ: ಮಣ್ಣಿನ ಕುಂಡವನ್ನು ಗೆಣ್ಣಿನಿಂದ ತಟ್ಟುವುದು, ಒಣಗಿದ್ದು ಠಣ್ ಎನ್ನುತ್ತದೆ, ಒದ್ದೆಯದು ದಬ್ ಎನ್ನುತ್ತದೆ. ನೆರೆಮನೆಯವರ ಮಾತು ಪ್ರಮಾಣಗಳಲ್ಲಿ ಸೇರಿಲ್ಲ.

ಮತಭೇದ

ಮನಿ ಪ್ಲಾಂಟ್ ಕದ್ದು ತಂದರೆ ಮಾತ್ರ ಬೆಳೆಯುತ್ತದೆಂಬುದು ಚೌರ್ಯವಾದಿಗಳ ಮತ. ಫ್ರೆಂಚ್ ಪಾಲಿನೇಷ್ಯದ ಮೊರೆಯಾ ದ್ವೀಪದ ಈ ಬಳ್ಳಿಗೆ ಹಕ್ಕುಪತ್ರದ ಗೊಡವೆಯಿಲ್ಲ. ಗೆಣ್ಣು ಸೇರಿಸಿ ಕತ್ತರಿಸಿದ ತುಂಡು ಬೇರೊಡೆದು ಚಿಗುರುತ್ತದೆ, ಬರಿಯ ಎಲೆ ಚಿಗುರುವುದಿಲ್ಲ. ಕಳ್ಳರು ಅವಸರದಲ್ಲಿ ಬಳ್ಳಿಯನ್ನೇ ಎಳೆದು ತರುವುದರಿಂದ ಗೆಣ್ಣೂ ಜೊತೆಗೆ ಬರುತ್ತದೆ. ಕೊಂಡದ್ದೂ ಬೆಳೆಯುತ್ತದೆ, ಹೇಳಿಕೊಳ್ಳಲು ಕಥೆಯಿರುವುದಿಲ್ಲ, ಅಷ್ಟೆ.

ಸಿದ್ಧಾಂತ

ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು. ಗೂಡಲೂರಿನಲ್ಲಿ ಮರಳು ಹೆಚ್ಚಿಸಬೇಕು, ಕುಂಡವನ್ನು ಸೂರಿನ ಹನಿಗೆ ಸಿಗದಂತೆ ಒಳಕ್ಕಿಡಬೇಕು, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಮಸಿನಗುಡಿಯಲ್ಲಿ ತೇವ ಹಿಡಿದಿಡುವ ತೆಂಗಿನ ನಾರಿನ ಪುಡಿ ಬೆರೆಸಬೇಕು. ಉದಕಮಂಡಲದಲ್ಲಿ ಚಳಿಗಾಲದ ರಾತ್ರಿ ಹೊರಗಿನ ಕುಂಡಗಳ ಮೇಲೆ ಒಣಸೊಪ್ಪು ಹೊದಿಸಬೇಕು, ಒಳಗಿನವನ್ನು ಕಿಟಕಿಯ ಗಾಜಿನಿಂದ ದೂರ ಸರಿಸಬೇಕು, ನೀರನ್ನು ಅರ್ಧಕ್ಕಿಳಿಸಬೇಕು. ಮನಿ ಪ್ಲಾಂಟ್ ಅಲ್ಲಿ ಮುದುಡುತ್ತದೆ. ಜೆರೇನಿಯಂ ಹಾಗಲ್ಲ, ಎಸ್ಟೇಟಿನ ಲೈನ್ ಮನೆಗಳ ಮುಂದೆ ಪೇಂಟ್ ಡಬ್ಬದಲ್ಲೂ, ಯಾರ ಶಾಸ್ತ್ರಜ್ಞಾನದ ನೆರವೂ ಇಲ್ಲದೆ, ಹೂಬಿಡುತ್ತದೆ. ಆದ್ದರಿಂದ ಊರಿಗೆ ಒಗ್ಗುವ ಗಿಡವನ್ನು ಆರಿಸುವುದೇ ಶಾಸ್ತ್ರದ ಮುಕ್ಕಾಲು ಭಾಗ. ಉಳಿದ ಕಾಲು ಭಾಗ, ಮಣ್ಣು ಮುಟ್ಟಿ ನೋಡದೆ ಚೊಂಬು ಎತ್ತಬಾರದು ಎಂಬುದು.