ಒಂದೇ ಗಂಟೆ ಕಣ್ರೀ!

ಹುಬ್ಬಳ್ಳಿಗೆ ಹೇಗೆ ಬಂದ್ರಿ ಅಂತ ಯಾರಾದ್ರೂ ಕೇಳಲಿ ಅಂತಲೇ ಕಾಯ್ತಿರ್ತೀರಿ, ಅಲ್ವಾ? ಯಾರೂ ಕೇಳ್ಲಿಲ್ಲ ಅಂದ್ರೆ ನೀವೇ ಶುರು ಹಚ್ಕೋತೀರಿ. "ಫ್ಲೈಟು ಕಣ್ರೀ, ಬೆಂಗಳೂರಿಂದ ಒಂದೇ ಗಂಟೆ!" ಎದುರಿಗಿರೋರು ರೈಲಲ್ಲಿ ಬಂದವರಾದ್ರೆ ನಿಮ್ಮ ಮುಖದಲ್ಲಿ ಕನಿಕರ ಬೇರೆ. (ಪಾಪ, ಆರು ಗಂಟೆ ಕೂತ್ಕೊಂಡು ಬಂದಿದ್ದಾರೆ!)

ಆ ಒಂದು ಗಂಟೆಯ ಲೆಕ್ಕ ಒಂದ್ಸಲ ಹಾಕೋಣ, ಬನ್ನಿ. ನಿಮ್ಮ ಮನೆ ಜಯನಗರದಲ್ಲಿ ಅಂತ ಇಟ್ಕೊಳ್ಳೋಣ. ವಿಮಾನ ಬೆಳಿಗ್ಗೆ ಏಳಕ್ಕೆ. ಎರಡು ಗಂಟೆ ಮುಂಚೆ ಬನ್ನಿ ಅಂತಾರೆ, ಅಂದ್ರೆ ಐದಕ್ಕೆ ದೇವನಹಳ್ಳಿ. (2008ರಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ಅಲ್ಲಿಗೆ ಎತ್ತಂಗಡಿ ಆದಮೇಲೆ ವಿಮಾನ ಹತ್ತೋಕೆ ಮೊದಲು ಒಂದು ಪರಊರಿನ ಪ್ರಯಾಣ ಮಾಡಬೇಕು.) ಟ್ಯಾಕ್ಸಿ ಮೂರೂಮುಕ್ಕಾಲಿಗೆ, ಅಲಾರಂ ಮೂರಕ್ಕೆ. ಅಲಾರಂ ಮೇಲೆ ನಂಬಿಕೆ ಸಾಲದೆ ನೀವು ಎದ್ದಿದ್ದು ಎರಡೂವರೆಗೆ. ಸುಳ್ಳಾ?

ಅಲ್ಲಿಂದ ಮುಂದಿನದು ನಿಮಗೇ ಗೊತ್ತು. ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡ್ಕೊಂಡು ಇನ್ನೊಂದು ಕೈ ಎತ್ತಿ ನಿಲ್ಲೋದು. ಆಮೇಲೆ ಗೇಟಿನ ಮುಂದೆ ಕ್ಯೂ. ಸೀಟ್ ನಂಬರ್ ಪಾಸ್‌ನಲ್ಲಿ ಅಚ್ಚಾಗಿದೆ, ನಿಮ್ಮ ಸೀಟನ್ನ ಬೇರೆ ಯಾರೂ ಹೊತ್ಕೊಂಡು ಹೋಗಲ್ಲ, ಆದ್ರೂ ಕ್ಯೂನಲ್ಲಿ ಮೊದಲು ನೀವೇ ಇರಬೇಕು! ವಿಮಾನ ಇಳಿದು ಚಕ್ರ ಇನ್ನೂ ಉರುಳ್ತಿರುವಾಗಲೇ ಎದ್ದು, ಲಗೇಜ್ ಪೆಟ್ಟಿಗೆ ಕೆಳಗೆ ಕತ್ತು ಸೊಟ್ಟ ಮಾಡ್ಕೊಂಡು ನಿಲ್ಲೋರೂ ನೀವೇ. ಬಾಗಿಲು ತೆಗೆಯೋಕೆ ಇನ್ನೂ ಹತ್ತು ನಿಮಿಷ ಇದೆ ಸ್ವಾಮಿ, ಕೂತ್ಕೊಳ್ಳಿ.

ಗೋಕುಲ್ ರೋಡಿನ ನಿಲ್ದಾಣದಿಂದ ಆಟೋ ಹಿಡಿದು ಅತ್ತೆ ಮನೆ ಬಾಗಿಲು ತಟ್ಟೋ ಹೊತ್ತಿಗೆ ಒಂಬತ್ತು. ಮನೆಯಿಂದ ಮನೆಗೆ ಐದೂಕಾಲು ಗಂಟೆ. ಅದೇ ಧಾರವಾಡದ ವಂದೇ ಭಾರತ್‌ಗೆ (2023ರ ಜೂನ್‌ನಿಂದ ಓಡ್ತಾ ಇದೆ) ಬೆಳಿಗ್ಗೆ ಆರರೊಳಗೆ ಮೆಜೆಸ್ಟಿಕ್‌ನಲ್ಲಿ ಹತ್ತಿದ್ರೆ, ಮನೆಯಿಂದ ಮನೆಗೆ ಏಳು ಗಂಟೆ ಅನ್ನಿ.

"ನೋಡಿದ್ರಾ, ಆದ್ರೂ ಎರಡು ಗಂಟೆ ಹತ್ತಿರ ಉಳೀತು!" ಅಂತೀರಿ. ಒಪ್ಕೊಂಡೆ. ಆ ಎರಡು ಗಂಟೆ ಏನು ಮಾಡಿದ್ರಿ ಹೇಳಿ? ನಾನೇ ಹೇಳ್ತೀನಿ. "ವಿಮಾನದಾಗ ಏನರ ತಿನ್ನಾಕ ಕೊಟ್ರೇನ್ರೀ?" ಅಂತ ಅತ್ತೆ ಕೇಳ್ತಾ ಇರೋವಾಗಲೇ ನೀವು ಸೋಫಾದ ಮೇಲೆ ಗೊರಕೆ. ಎರಡೂವರೆಗೇ ಎದ್ದವರಲ್ವೇ!

ಇನ್ನು ಕೊಬ್ಬರಿ ವಿಷಯ. ಸಂಕ್ರಾಂತಿಗೆ ಎಳ್ಳು ಬೀರೋಕೆ ಅಂತ ಒಳ್ಳೇ ಗಿಟುಕು ಕೊಬ್ಬರಿ ತಗೊಂಡು ಹೊರಟಿರಿ ಅನ್ನಿ. ವಿಮಾನಕ್ಕೆ ಒಣಕೊಬ್ಬರಿ ಅಂದ್ರೆ ಆಗಲ್ಲ. ಎಣ್ಣೆ ಅಂಶ ಜಾಸ್ತಿ ಇರೋದ್ರಿಂದ ತಾನಾಗೇ ಕಾವೇರಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅದನ್ನ ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಕೊಬ್ಬರಿ, ಪೆಟ್ರೋಲಿನ ಜೊತೆ ಆರೋಪಿ ಸ್ಥಾನದಲ್ಲಿ! ಹುಬ್ಬಳ್ಳಿ ರೈಲು ಮಾತ್ರ ಸಾಕ್ಷಾತ್ ಕೊಬ್ಬರಿ ಊರು ತಿಪಟೂರಿನ ಮೇಲೇ ಹಾದುಹೋಗುತ್ತೆ. ತೂಕದಲ್ಲೂ ಅಷ್ಟೇ. ವಿಮಾನದವರು ಸಾಮಾನ್ಯವಾಗಿ 15 ಕೆಜಿಗೆ ಮುಖ ಗಂಟು ಹಾಕ್ತಾರೆ, ರೈಲಲ್ಲಿ ಸ್ಲೀಪರ್‌ನವರಿಗೂ 40 ಕೆಜಿ ಇದೆ. (ನೀವು ಒಯ್ಯೋದು ಅರವತ್ತು, ಅದು ಬೇರೆ ಮಾತು.)

ಮೂರಕ್ಕೆ ಏಳೋದೇ ಬೇಡ ಅನ್ನೋರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದ್ದಾಳೆ. ರಾತ್ರಿ ಊಟ ಮುಗಿಸಿ ಹತ್ತಿ ಮಲಗಿದ್ರೆ ಬೆಳಿಗ್ಗೆ ಹುಬ್ಬಳ್ಳಿ, ಹಗಲಿನ ಒಂದು ನಿಮಿಷವೂ ಖರ್ಚಿಲ್ಲ. ಅಲ್ಲಿ ಇಳಿದ ಮೇಲೆ 1,507 ಮೀಟರ್ ಪ್ಲಾಟ್‌ಫಾರ್ಮ್ ಇದೆ, ಪ್ರಪಂಚದಲ್ಲೇ ಉದ್ದದ್ದು. ಡಾಕ್ಟರು ಹೇಳಿದ ವಾಕಿಂಗೂ ಆಯ್ತು.

ಇನ್ನೊಂದು ಗುಟ್ಟಿನ ಮಾತು, ಹತ್ತಿರ ಬನ್ನಿ. ತರಕಾರಿ ಅಂಗಡಿಯಲ್ಲಿ "ಪ್ಲಾಸ್ಟಿಕ್ ಕವರ್ ಬೇಡಪ್ಪಾ, ಪರಿಸರ!" ಅಂತ ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳಿ ಬಟ್ಟೆ ಚೀಲ ಬಿಚ್ಚೋರು ನೀವೇ ತಾನೇ? ವಿಮಾನ ಇಂಧನ ಕುಡಿಯೋದು ನೆಲ ಬಿಟ್ಟು ಮೇಲೇರುವಾಗ. ದೂರದೂರಿಗಾದ್ರೆ ಮೇಲೆ ಹೋದಮೇಲೆ ಹಾಯಾಗಿ ತೇಲುತ್ತೆ. ಹುಬ್ಬಳ್ಳಿಗೋ, ಏರಿದ ಸ್ವಲ್ಪ ಹೊತ್ತಿಗೇ ಇಳಿಬೇಕು. ಹಾಗಾಗಿ ಕಿಲೋಮೀಟರ್ ಲೆಕ್ಕದಲ್ಲಿ ಇಂಥ ಗಿಡ್ಡ ಹಾರಾಟದ ಹೊಗೆಯೇ ಜಾಸ್ತಿ. ರೈಲಿನ ಕರೆಂಟೂ ಬಹುಪಾಲು ಕಲ್ಲಿದ್ದಲಿಂದಲೇ ಬರೋದು, ಹೌದು. ಆದ್ರೂ ತಲೆಗೆ ಹಂಚಿ ನೋಡಿದ್ರೆ ವಿಮಾನದ ಹತ್ತಿರಕ್ಕೂ ಬರಲ್ಲ.

ಫ್ರಾನ್ಸಿನವರು 2023ರಲ್ಲಿ ಕಾನೂನೇ ಜಾರಿ ಮಾಡಿಬಿಟ್ರು. ರೈಲಲ್ಲಿ ಎರಡೂವರೆ ಗಂಟೆಯೊಳಗೆ ಹೋಗೋ ಹಾಗಿದ್ರೆ ಅಲ್ಲಿಗೆ ವಿಮಾನ ಬೇಡ ಅಂತ. (ಅದರಿಂದ ನಿಂತಿದ್ದು ಪ್ಯಾರಿಸ್‌ನ ಓರ್ಲಿಯಿಂದ ನಾಂತ್, ಲಿಯೋನ್, ಬೋರ್ಡೊ, ಮೂರೇ ಮಾರ್ಗ. ಆದ್ರೂ ಶುರು ಮಾಡಿದ್ರಲ್ಲ!) ನಾವು? ಮೈಸೂರಿಗೂ ಬೆಂಗಳೂರಿಂದ ವಿಮಾನ ಹಾರಿಸಿದ ಜನ. ರೈಲಲ್ಲಿ 138 ಕಿಲೋಮೀಟರ್ ಅದು! ವಿಮಾನ ನಿಲ್ದಾಣಕ್ಕೆ ಹೋಗೋ ಟೈಮಲ್ಲಿ ರೈಲು ಮದ್ದೂರು ವಡೆ ತಲುಪಿರುತ್ತೆ.

ಚೆನ್ನೈಗೆ ಹಾರೋರ ಹತ್ತಿರ ಮಾತ್ರ ನನಗೆ ಮಾತೇ ಇಲ್ಲ. 2022ರಿಂದ ವಂದೇ ಭಾರತ್ ಇದೆ, ನಾಲ್ಕೂವರೆ ಗಂಟೆಯಲ್ಲಿ ಊರಿನ ನಡುಮಧ್ಯೆ ಸೆಂಟ್ರಲ್‌ನಲ್ಲಿ ಇಳಿಸುತ್ತೆ. ಇಷ್ಟಾದ್ಮೇಲೂ ಫ್ಲೈಟ್ ಹಿಡೀತೀರಿ ಅಂದ್ರೆ ಅದು ಸಮಯಕ್ಕಲ್ಲ, ಸ್ಟೇಟಸ್‌ಗೆ. ವಾಟ್ಸ್‌ಆಪ್ ಸ್ಟೇಟಸ್‌ಗೂ ಸೇರಿಸಿ.

ಮಂಗಳೂರಿನೋರಿಗೆ ಮಾಫಿ ಕೊಟ್ಟಿದ್ದೀನಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ, ರೈಲು ಅಲ್ಲಿ ಗರ್ಭಿಣಿ ಹೆಂಗಸಿನ ಹಾಗೆ ಹುಷಾರಾಗಿ ಇಳಿಯುತ್ತೆ. ಮಳೆಗಾಲದಲ್ಲಿ ಗುಡ್ಡ ಕುಸಿದ್ರೆ ಅದೂ ಇಲ್ಲ. ಅರ್ಜೆಂಟ್ ಇದ್ರೆ ಹಾರಿ, ಯಾರೂ ಬಯ್ಯಲ್ಲ. ಅರ್ಜೆಂಟ್ ಇಲ್ಲದಿದ್ರೆ ಹಗಲು ರೈಲಿನ ವಿಸ್ಟಾಡೋಮ್ ಬೋಗಿಯಲ್ಲಿ ಕೂತು ಹೋಗಿ, ಕಾಡು ನೋಡೋಕೆ ಗಾಜಿನ ಚಾವಣಿ ಇದೆ.

"ಟಿಕೆಟ್ಟೇ ಸಿಗಲ್ಲ ರೀ, ಬರೀ ವೇಟಿಂಗ್ ಲಿಸ್ಟು" ಅಂತ ನೀವು ಬಾಯಿ ತೆರೆಯೋದು ಕಾಣ್ತಿದೆ. ದೂರು ಅರ್ಧ ನಿಜ. ಹಬ್ಬದ ಹೊತ್ತಿಗೆ ಇರೋ ರೈಲು ಏನೇನೂ ಸಾಲದು, ಇನ್ನಷ್ಟು ಓಡಿಸಲೇಬೇಕು. ಇನ್ನರ್ಧ ನಿಮ್ಮದೇ ಕರಾಮತ್ತು, ಹೊರಡೋ ಹಿಂದಿನ ದಿನ ತತ್ಕಾಲ್‌ಗೆ ಕೈ ಹಾಕ್ತೀರಲ್ಲ! ರೈಲಿನ ಬುಕಿಂಗ್ ತೆರೆಯೋದು 60 ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ. ದೀಪಾವಳಿಗೆ ಊರಿಗೆ ಹೋಗೋ ಆಲೋಚನೆ ಇದ್ರೆ ಈಗಲೇ ಕ್ಯಾಲೆಂಡರ್ ತೆಗೆದು ಎಣಿಸಿ ಗುರುತು ಹಾಕಿಡಿ. ಕಿಟಕಿ ಪಕ್ಕದ ಸೀಟನ್ನೇ ಕೇಳಿ. ಆಮೇಲೆ ಸಿಗಲಿಲ್ಲ ಅಂತ ನನ್ನ ಹತ್ರ ಬರಬೇಡಿ.