ಮಲೆನಾಡಿನ ಕೀಲಿಮಣೆ ಯುಗ: ಒಂದು ಪ್ರೌಢ ಸಂಶೋಧನ ಪ್ರಬಂಧ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯನ್ನು ವಿದ್ವಾಂಸರು ಇದುವರೆಗೆ ಕಲ್ಲಿನಲ್ಲಿ ಕೊರೆದದ್ದು, ತಾಮ್ರದಲ್ಲಿ ಕೆತ್ತಿದ್ದು, ಕಡತದಲ್ಲಿ ಗೀಚಿದ್ದು ಇವನ್ನೇ ಓದಿ ಕಟ್ಟಿಕೊಂಡು ಬಂದಿದ್ದಾರೆ. ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳಿನಿಂದ ಒತ್ತಿದ್ದನ್ನು ಓದುವ ವ್ಯವಧಾನ ಯಾರಿಗೂ ಬಂದಿಲ್ಲ. ಶಿವಪ್ಪನಾಯಕನ ಶಿಸ್ತಿನ ಬಗ್ಗೆ ಮಾತೆತ್ತಿದರೆ ಭಾಷಣಕ್ಕೆ ಹತ್ತು ಜನ ಸಿಗುತ್ತಾರೆ. ಅದೇ ಸೀಮೆಯಲ್ಲಿ ಅಡಿಕೆ ಧಾರಣೆಯನ್ನು ಎರಡು ಹೆಬ್ಬೆರಳಿನಲ್ಲಿ ಕುಟ್ಟಿ ಕಳಿಸಿದ ತಲೆಮಾರಿನ ಬಗ್ಗೆ ಒಂದು ಟಿಪ್ಪಣಿಯೂ ಇಲ್ಲ. ಈ ಘೋರ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಕಾಲನಿರ್ಣಯದಲ್ಲಿ ನಮಗೆ ಅಪರೂಪದ ಅದೃಷ್ಟ ಒದಗಿದೆ. ಹುಂಚದ ಕಲ್ಲೊಂದರ ಮುಂದೆ ನಿಂತವರು ಅಕ್ಷರದ ತಲೆಕಟ್ಟು ನೋಡಿ, ಶತಮಾನದ ಆಚೆಯೋ ಈಚೆಯೋ ಎಂದು ಗಡ್ಡ ಕೆರೆದುಕೊಳ್ಳಬೇಕು. ನಮಗೆ ಆ ತಾಪತ್ರಯವಿಲ್ಲ. ನೋಕಿಯಾ ಇ63 ಪ್ರಕಟವಾದದ್ದು 2008ರ ನವೆಂಬರಿನಲ್ಲಿ. ಕೀಲಿಮಣೆ ಹೊತ್ತ ನೋಕಿಯಾ ಸಿ3 ಮತ್ತು ಆಶಾ ವಂಶದವುಗಳಿಗೆ ವಾಟ್ಸಾಪ್ ಬಾಗಿಲು ಹಾಕಿಕೊಂಡದ್ದು 2018ರ ಡಿಸೆಂಬರ್ 31ಕ್ಕೆ. ನಡುವಿನದ್ದೇ ಕೀಲಿಮಣೆ ಯುಗ. ಆಶಾ ವಂಶದ 210 ಎಂಬ ಕುಡಿಯ ಕಥೆ ಇಲ್ಲಿ ಹೇಳಲೇಬೇಕು. 2013ರಲ್ಲಿ ಹುಟ್ಟಿದ ಅದರ ಹಣೆಯಲ್ಲಿ ವಾಟ್ಸಾಪಿಗೆಂದೇ ಒಂದು ಪ್ರತ್ಯೇಕ ಗುಂಡಿ ಇತ್ತು. ವಾಟ್ಸಾಪ್ ಹೋಯಿತು, ಗುಂಡಿ ಉಳಿಯಿತು. ಮೂರ್ತಿ ಇಲ್ಲದ ಗುಡಿಗಳ ಬಗ್ಗೆ ದಪ್ಪ ಗ್ರಂಥ ಬರೆದವರು ಈ ಗುಂಡಿಯ ಮೇಲೆ ಒಂದು ಪುಟವನ್ನಾದರೂ ಬರೆಯಬಹುದಿತ್ತು.

ಯುಗವಿಭಜನೆಗೆ ಸ್ಥಳೀಯ ಮಾದರಿಯೇ ಲೇಸು. ಕೆಳದಿ ಅರಸರು ಮೊದಲು ಕೆಳದಿಯಲ್ಲಿ, ಬಳಿಕ ಇಕ್ಕೇರಿಯಲ್ಲಿ, ಕೊನೆಗೆ ಬಿದನೂರಿನಲ್ಲಿ ರಾಜಧಾನಿ ಮಾಡಿಕೊಂಡರು. ನಮ್ಮ ಚರವಾಣಿಗಳೂ ಇದೇ ದಾರಿ ಹಿಡಿದಿವೆ ಎಂಬುದು ಪ್ರಬಂಧಕಾರನ ಶೋಧ. ಕೆಳದಿ ಕಾಲವೆಂದರೆ ಕೀಲಿಮಣೆ ಯುಗಕ್ಕೂ ಮುಂಚಿನ ಅಂಕಿಗುಂಡಿಗಳ ಕಾಲ: 2003ರ ನೋಕಿಯಾ 1100, ‘ಎಸ್’ ಎಂಬ ಒಂದೇ ಅಕ್ಷರಕ್ಕೆ ಏಳನೇ ಗುಂಡಿಯನ್ನು ನಾಲ್ಕು ಸಲ ಒತ್ತುವ ತಪಸ್ಸು. ‘ಸಾಗರ’ ಎಂದು ಬರೆದು ಮುಗಿಸುವಷ್ಟರಲ್ಲಿ ಬಸ್ಸು ಆನಂದಪುರ ದಾಟಿರುತ್ತಿತ್ತು. ಇಕ್ಕೇರಿ ಕಾಲ ಇ63, ಸಿ3ಗಳದ್ದು. ಅಕ್ಷರಕ್ಕೊಂದು ಗುಂಡಿ, ಪ್ರಜೆಗಳು ಸುಭಿಕ್ಷ. ಬಿದನೂರು ಕಾಲ ಬ್ಲ್ಯಾಕ್‌ಬೆರಿಯದ್ದು. ವೈಭವ ಹೆಚ್ಚು, ಪ್ರಜೆ ಕಡಿಮೆ. 1763ರಲ್ಲಿ ಬಿದನೂರಿಗೆ ಹೈದರಾಲಿ ಬಂದ ಹಾಗೆ ಆಮೇಲೆ ಗಾಜಿನ ಪರದೆ ಬಂತು. ಆತ ಊರಿನ ಹೆಸರನ್ನಷ್ಟೇ ಬದಲಿಸಿದ. ಗಾಜು ಗುಂಡಿಗಳನ್ನೇ ಅಳಿಸಿಹಾಕಿತು.

ಈಗ ಮಾದರಿಯ ವಿವರಣೆ. ಪ್ರಬಂಧಕಾರನ ವಶದಲ್ಲಿರುವುದು ನೀಲಿ ಇ63 ಒಂದು. ತೂಕ 126 ಗ್ರಾಂ. ಪರದೆ ಅಡ್ಡಗಲ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಹೆಚ್ಚು. ಅದರ ಕೆಳಗೆ ಗುಂಡಿಗಳ ಸಾಲು. ಒಂದೊಂದರ ಅಡಿಯಲ್ಲೂ ಪುಟ್ಟ ಲೋಹದ ಗುಮ್ಮಟ. ಗುಮ್ಮಟವೆಂದೊಡನೆ ವಿಜಯಪುರಕ್ಕೆ ಓಡುವವರು ಸ್ವಲ್ಪ ತಡೆಯಬೇಕು: ಒತ್ತಿದಾಗ ಇದು ಕುಸಿದು ‘ಟಿಕ್’ ಎನ್ನುತ್ತದೆ, ಬಿಟ್ಟಾಗ ಮತ್ತೆ ಎದ್ದು ನಿಲ್ಲುತ್ತದೆ. ಪ್ರತಿಧ್ವನಿ ಇಲ್ಲ. ಆದರೆ ಅಕ್ಷರ ಬಿತ್ತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳಿಗೆ ಹೇಳುವ ಏರ್ಪಾಡು ಇದು. ಕರೆಂಟು ಹೋದ ಮನೆಯಲ್ಲಿ, ಕಂಬಳಿಯೊಳಗೆ, ಅಪ್ಪನ ಎದುರಿಗೆ ಮೇಜಿನ ಕೆಳಗೆ, ಹೀಗೆ ಎಲ್ಲೆಲ್ಲಿ ಕಣ್ಣಿಗೆ ಪ್ರವೇಶವಿಲ್ಲವೋ ಅಲ್ಲೆಲ್ಲ ಈ ಟಿಕ್ ಕೆಲಸ ಮಾಡಿದೆ. ಕೊನೆಯ ಸಂದರ್ಭಕ್ಕೆ ಸಾಕ್ಷಿಗಳು ಸಾಕಷ್ಟಿದ್ದಾರೆ, ಹೆಸರು ಹೇಳಲು ಒಪ್ಪುವುದಿಲ್ಲ.

ಇದಕ್ಕಿಂತ ಮಹತ್ವದ್ದು ಸ್ಪೇಸ್ ಗುಂಡಿ. ಇ63ಯಲ್ಲಿ ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹಿಂಬದಿಯ ದೀಪ ಟಾರ್ಚಾಗಿ ಉರಿಯುತ್ತದೆ. ಫಿನ್‌ಲೆಂಡಿನ ಕಂಪನಿಯೊಂದು ಎರಡು ಪದಗಳ ನಡುವಿನ ಖಾಲಿ ಜಾಗಕ್ಕೂ ಮಲೆನಾಡಿನ ಕಾಲುದಾರಿಗೂ ಇರುವ ಸಂಬಂಧವನ್ನು ಹೇಗೆ ಕಂಡುಕೊಂಡಿತು? ಒಂದು ಪಂಥದ ಪ್ರಕಾರ ಅದು ಕಾಕತಾಳೀಯ. ಇನ್ನೊಂದು ಪಂಥದ ಪ್ರಕಾರ, ಆ ಕಂಪನಿಯ ತಂತ್ರಜ್ಞರಲ್ಲಿ ಯಾರೋ ಒಬ್ಬರು ಜುಲೈ ತಿಂಗಳಲ್ಲಿ ನಗರದಿಂದ (ಅಂದರೆ ಹಳೆಯ ಬಿದನೂರಿನಿಂದ) ಒಳಗೆ ಯಾವುದೋ ನೆಂಟರ ಮನೆಗೆ ರಾತ್ರಿ ನಡೆದು ಹೋಗಿ, ದಾರಿಗೆ ಅಡ್ಡ ಮಲಗಿದ್ದ ಮಂಡಲದ ಹಾವನ್ನು ಕಂಡಿರಬೇಕು. ನಾವು ಎರಡನೆಯ ಪಂಥದವರು.

ಇನ್ನು ಸವೆತದ ಅಧ್ಯಯನ, ಇದು ಈ ಪ್ರಬಂಧದ ನಿಜವಾದ ಕೊಡುಗೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಅಕ್ಷರ ‘ಇ’. ಆದ್ದರಿಂದ ಬ್ಲ್ಯಾಕ್‌ಬೆರಿಯ ತವರಾದ ಕೆನಡಾದವರ ಫೋನಿನಲ್ಲಿ ಮೊದಲು ಬೋಳಾಗುವುದು ಅದೇ ಇರಬೇಕು. ನಮ್ಮ ಮಾದರಿಯಲ್ಲಿ ಬೋಳಾಗಿರುವುದು ‘ಎ’. ಕಾರಣ ಸರಳ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಪ್ರತಿ ‘ಅ’ಕಾರಕ್ಕೆ ಒಂದು, ದೀರ್ಘಕ್ಕೆ ಎರಡು ‘ಎ’ ತೆರಬೇಕು. ‘ಮಾರಾಯ’ ಎಂಬ ಒಂದು ಸಂಬೋಧನೆಗೇ ಐದು. ಅತ್ತ ‘ಕ್ಯೂ’, ‘ಎಕ್ಸ್’, ‘ಝಡ್’ಗಳು ಅಂಗಡಿಯಿಂದ ಬಂದ ದಿನದ ಹೊಳಪಿನಲ್ಲೇ ಇವೆ. ‘ಎಫ್’ ಮಾತ್ರ ವಿಚಿತ್ರ: ಕನ್ನಡಕ್ಕೆ ಅದರ ಅಗತ್ಯ ಅಷ್ಟಕ್ಕಷ್ಟೇ, ಆದರೂ ಸವೆದಿದೆ. ಈ ಒಗಟನ್ನು ಬಿಡಿಸಿದ್ದು ಕೆಳಗಿನ ಶಾಸನ.

ಶಾಸನದ ಪಾಠ, ಫೋನಿನ ‘ಸೆಂಟ್’ ಡಬ್ಬಿಯಲ್ಲಿ ಸಿಕ್ಕಂತೆ: ‘ರಾಶಿ ಆರ್‌ಜಿ. ಬೆಟ್ಟೆ ಕೇಳ್ಬೇಡ.’ ಮೂಲ ಇಂಗ್ಲಿಷ್ ಲಿಪಿ, ಭಾಷೆ ಕನ್ನಡ, ಛಂದಸ್ಸು ಇಲ್ಲ. ಎರಡನೆಯ ವಾಕ್ಯದ ಅರ್ಥ ಸ್ಪಷ್ಟ. ಬೆಟ್ಟೆ ಅಡಿಕೆಯ ಧಾರಣೆ ಕುಸಿದಿದೆ, ಕವಿ ಶೋಕದಲ್ಲಿದ್ದಾನೆ. ತೊಡಕಿರುವುದು ‘ಆರ್‌ಜಿ’ಯಲ್ಲಿ. ಅದು ಮಂಡಿ ಸಾಹುಕಾರನ ಹೆಸರಿನ ಮೊದಲಕ್ಷರಗಳೆಂದು ಕೆಲವರೂ, ರಾಜೀವ್ ಗಾಂಧಿ ಹೆಸರಿನ ಯಾವುದೋ ಯೋಜನೆಯೆಂದು ಇನ್ನು ಕೆಲವರೂ ವಾದಿಸಬಹುದು. ಇವರು ಯಾರೂ ಇ63ಯನ್ನು ಕೈಯಲ್ಲಿ ಹಿಡಿದವರಲ್ಲ. ಈ ಫೋನಿನಲ್ಲಿ ಅಂಕಿಗಳಿಗೆ ಬೇರೆ ಗುಂಡಿಗಳಿಲ್ಲ. ‘ಆರ್’ ಗುಂಡಿಯ ಮೇಲೆಯೇ 1, ‘ಎಫ್’ ಮೇಲೆ 4 (ಅದು ಸವೆದದ್ದು ಇದರಿಂದಲೇ), ‘ಜಿ’ ಮೇಲೆ 5. ಅಂಕಿ ಬೇಕಾದರೆ ಫಂಕ್ಷನ್ ಗುಂಡಿಯನ್ನು ಮೊದಲು ಒತ್ತಬೇಕು. ಅವಸರದಲ್ಲಿದ್ದವನು ಒತ್ತಲಿಲ್ಲ. ಆದ್ದರಿಂದ ‘ಆರ್‌ಜಿ’ ಎಂದರೆ 15, ಅಂದರೆ ಕ್ವಿಂಟಲ್ ರಾಶಿ ಅಡಿಕೆಗೆ ಹದಿನೈದು ಸಾವಿರ. ಓದಿದವನಿಗೂ ಇದು ತಕ್ಷಣ ಅರ್ಥವಾಗಿತ್ತು. ಅವನ ಕೈಯಲ್ಲೂ ಅದೇ ಫೋನು. ಬ್ಲ್ಯಾಕ್‌ಬೆರಿಯವನಾಗಿದ್ದರೆ ಮುಳುಗಿಹೋಗುತ್ತಿದ್ದ, ಏಕೆಂದರೆ ಅಲ್ಲಿ ‘ಆರ್’ ಎಂದರೆ 3. ಒಂದೇ ಶಾಸನ ಎರಡು ರಾಜ್ಯಗಳಲ್ಲಿ ಎರಡು ಬೆಲೆಗೆ ಹೋಗುವ ಇಂಥ ಉದಾಹರಣೆ ಎಪಿಗ್ರಾಫಿಯಾದ ಶಾಸನ ಸಂಪುಟಗಳಲ್ಲೂ ಅಪರೂಪ.

ಲಿಪಿಯ ಸಮಸ್ಯೆ ಅಂಕಿಗಳಿಗಷ್ಟೇ ನಿಲ್ಲುವುದಿಲ್ಲ. ‘ತೋಟದಲ್ಲಿ ಕೊಲೆ ಆಗಿದೆ, ಬೇಗ ಬಾ’ ಎಂಬ ಸಂದೇಶ ಪ್ರತಿ ಮಳೆಗಾಲದಲ್ಲೂ ಈ ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿದೆ. ಯಾವ ಠಾಣೆಯಲ್ಲೂ ಮೊಕದ್ದಮೆ ದಾಖಲಾಗಿಲ್ಲ. ಅಲ್ಲಿ ಸತ್ತದ್ದು ಅಡಿಕೆಯ ಎಳೆಗಾಯಿ, ಕೊಳೆರೋಗದಿಂದ. ಬೇಕಾದದ್ದು ಪೊಲೀಸರಲ್ಲ, ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಆ ಕೀಲಿಮಣೆಯಲ್ಲಿ ‘ಳ’ಕಾರಕ್ಕೆ ಜಾಗವಿರಲಿಲ್ಲ.

ಹಾಗಾದರೆ ಈ ಕೀಲಿಮಣೆಗಳು ಮಲೆನಾಡಿನಲ್ಲಿ ಇಷ್ಟು ಕಾಲ ಬಾಳಿದ್ದೇಕೆ? ನಮ್ಮ ಸಿದ್ಧಾಂತ ಒದ್ದೆಬೆರಳಿನದ್ದು. 2007ರ ಐಫೋನಿನಿಂದ ಮುಂದೆ ಬಂದ ಗಾಜಿನ ಪರದೆಗಳು ಬೆರಳನ್ನು ಗುರುತಿಸುವುದು ವಿದ್ಯುತ್ ಕ್ಷೇತ್ರದ ಏರುಪೇರಿನಿಂದ. ನೀರೂ ವಿದ್ಯುತ್ತಿಗೆ ಒಲಿಯುವ ವಸ್ತುವಾದ್ದರಿಂದ, ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ಅದು ನಾಲ್ಕು ಬೆರಳೆಂದು ತಿಳಿದು ಯಾರ್‍ಯಾರಿಗೋ ಕರೆ ಮಾಡುತ್ತದೆ. ಇಂಥ ಯಂತ್ರವನ್ನು ಕ್ಯಾಲಿಫೋರ್ನಿಯಾದಲ್ಲಿ ಕಂಡುಹಿಡಿಯಬಹುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಯಾವ ತಾಲ್ಲೂಕಿನದೋ ಆ ತೀರ್ಥಹಳ್ಳಿಯಲ್ಲಿ ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ಇದರ ಜೊತೆಗೆ ಬೆರಳಿನ ಸ್ಥಿತಿಯನ್ನೂ ಗಮನಿಸಿ. ಹಸಿ ಅಡಿಕೆ ಸುಲಿದವರ ಬೆರಳಿಗೆ ಚೊಗರು ಹತ್ತಿ ತುದಿ ಕಪ್ಪಾಗಿ ಗಟ್ಟಿಯಾಗಿರುತ್ತದೆ. ಕವಳ ಹಾಕುವವರ ತೋರುಬೆರಳಲ್ಲಿ ಸುಣ್ಣ. ಔಷಧಿ ಹೊಡೆದು ಬಂದವರ ಅಂಗೈ ನೀಲಿ. ಇಂಥ ಕೈಗಳನ್ನು ಗಾಜು ಒಪ್ಪಿಕೊಳ್ಳುವುದಿಲ್ಲ. ಗುಂಡಿ ಒಪ್ಪಿಕೊಂಡಿತ್ತು. ನಮ್ಮ ಮಾದರಿಯ ‘ಡಬ್ಲ್ಯೂ’ ಮತ್ತು ‘ಎಸ್’ ನಡುವಿನ ಸಂದಿಯಲ್ಲಿ ಇಂದಿಗೂ ಬಿಳಿಯ ಗೆರೆಯೊಂದಿದೆ. ಅದು ಸುಣ್ಣವೆಂಬುದರಲ್ಲಿ ಅನುಮಾನ ಬೇಡ. ಗುಂಡಿಯ ಫೋನು ನೀರಿಗೆ ಹೆದರುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಸಂದಿಗಳಿಂದ ಒಳಗೆ ನೀರಿಳಿದರೆ ಅದೂ ಸಾಯುತ್ತಿತ್ತು, ಅಕ್ಕಿಡಬ್ಬಿಯಲ್ಲಿ ಎರಡು ದಿನ ಮಲಗುತ್ತಿತ್ತು, ಬೂಷ್ಟು ಹಿಡಿಯುತ್ತಿತ್ತು. ಆದರೆ ಸಾಯುವವರೆಗೆ ಮಾಲೀಕನ ಮಾತು ಕೇಳುತ್ತಿತ್ತು.

ಸಿಗ್ನಲ್ಲಿನ ವಿಷಯಕ್ಕೆ ಬಂದರೂ ಗುಂಡಿಯದೇ ಮೇಲುಗೈ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ಕರೂರು, ಬಾರಂಗಿ ಹೋಬಳಿಗಳು ನೀರಿನಾಚೆಗೆ ಉಳಿದವು. ಟವರುಗಳು ನೀರಿನ ಈಚೆಗೇ ನಿಂತವು. ಅಲ್ಲಿಯವರು ಮನೆಯಲ್ಲೇ ಸಂದೇಶ ಕುಟ್ಟಿ, ಕಳಿಸುವ ಗುಂಡಿ ಒತ್ತಿ, ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು. ಸಂದೇಶ ಔಟ್‌ಬಾಕ್ಸಿನಲ್ಲಿ ಕೂತು, ಒಂದು ಕಡ್ಡಿ ಸಿಗ್ನಲ್ ಕಂಡೊಡನೆ ತಾನಾಗಿ ಹಾರುತ್ತಿತ್ತು. ಅಂಬಾರಗೋಡ್ಲಿನಲ್ಲಿ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಸಾಲಂತೂ ಜಿಲ್ಲೆಯ ಅತಿ ದೊಡ್ಡ ಟೈಪಿಂಗ್ ಶಾಲೆಯಾಗಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಈಗ ಕಾಯುವುದಿಲ್ಲ, ಕುಟ್ಟುವುದೂ ಇಲ್ಲ.

ಬಿದನೂರು ಕಾಲದ ಕುರುಹುಗಳು ಮುಖ್ಯವಾಗಿ ಹೆಗ್ಗೋಡಿನಲ್ಲಿ ಸಿಗುತ್ತವೆ. ಅಕ್ಟೋಬರಿನಲ್ಲಿ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಬೆಂಗಳೂರಿನಿಂದ ಬರುತ್ತಿದ್ದವರಲ್ಲಿ ಕೆಲವರ ಸೊಂಟದಲ್ಲಿ ಬ್ಲ್ಯಾಕ್‌ಬೆರಿ ಇರುತ್ತಿತ್ತು, ಅದರ ನೆತ್ತಿಯಲ್ಲಿ ಕೆಂಪು ದೀಪ. ಹೊಸ ಸಂದೇಶ ಬಂದರೆ ದೀಪ ಮಿನುಗುವುದು ಲಕ್ಷಣ. ಸಿಗ್ನಲ್ ಇಲ್ಲದಲ್ಲಿ ಅದು ಮಿನುಗದು, ಮಿನುಗದಿದ್ದರೆ ಮಾಲೀಕನಿಗೆ ಸಮಾಧಾನವಿಲ್ಲ. ಶಿವರಾಮ ಕಾರಂತ ರಂಗಮಂದಿರದೊಳಗೆ ದುರಂತ ನಾಟಕದ ಐದನೇ ಅಂಕ ನಡೆಯುತ್ತಿದ್ದರೆ, ಹೊರಗೆ ಅಡಿಕೆ ತೋಟದ ಅಂಚಿನಲ್ಲಿ ಒಬ್ಬಾತ ಯಂತ್ರವನ್ನು ಆಕಾಶಕ್ಕೆತ್ತಿ ಹಿಡಿದು ಅತ್ತಿತ್ತ ಓಡಾಡುವ ದೃಶ್ಯವನ್ನು ರಂಗಪ್ರಯೋಗದ ಭಾಗವೆಂದೇ ತಿಳಿದ ಶಿಬಿರಾರ್ಥಿಗಳಿದ್ದರು. 2010ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ, ಬ್ಲ್ಯಾಕ್‌ಬೆರಿಯ ಗೂಢಲಿಪಿಯ ಸಂದೇಶಗಳನ್ನು ಓದಲು ತನಗೆ ದಾರಿ ಮಾಡಿಕೊಡದಿದ್ದರೆ ಸೇವೆಯನ್ನೇ ನಿಲ್ಲಿಸುವುದಾಗಿ ಕೆನಡಾದ ಕಂಪನಿಗೆ ಗಡುವು ಕೊಟ್ಟಿತು. ಗೃಹ ಇಲಾಖೆಯವರು ಸಾಗರ-ಹೊಸನಗರ ಬಸ್ಸು ಹತ್ತಿದ್ದರೆ ಸಾಕಿತ್ತು. ಅಲ್ಲಿ ಯಾರು ಏನು ಕುಟ್ಟಿದರೂ ಹಿಂದಿನ ಸೀಟಿನವರು ಓದಿ, ತಿದ್ದಿ, ಉತ್ತರವನ್ನೂ ಸೂಚಿಸುತ್ತಿದ್ದರು.

ಪೂರ್ವಪಕ್ಷವನ್ನು ಮುಚ್ಚಿಟ್ಟು ಸಿದ್ಧಾಂತ ಮಂಡಿಸುವುದು ಶಾಸ್ತ್ರಕ್ಕೆ ಸಲ್ಲದು. ಗುಂಡಿಯನ್ನು ಇಷ್ಟು ಹೊಗಳಿದ ಮೇಲೆ ಒಂದು ಕಹಿ ಸಂಗತಿ ಹೇಳಲೇಬೇಕು: ಈ ಗುಂಡಿಗಳು ಕನ್ನಡವನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಸಾಧ್ಯವಿರಲಿಲ್ಲ ಎನ್ನುವ ಹಾಗೂ ಇಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಇಪ್ಪತ್ತಾರು ಇಂಗ್ಲಿಷ್ ಗುಂಡಿಗಳಲ್ಲೇ ಕನ್ನಡದ ಇಡೀ ವರ್ಣಮಾಲೆಯನ್ನು ಕೂರಿಸಿ ತೋರಿಸಿದ್ದರು. ಕಂಪ್ಯೂಟರಿನಲ್ಲಿ ನಾಡಿಗೆ ನಾಡೇ ಆ ವಿನ್ಯಾಸದಲ್ಲಿ ಕುಟ್ಟುತ್ತಿತ್ತು. ಇ63ಯಲ್ಲೂ ಅಕ್ಷರದ ಗುಂಡಿಗಳು ಅಷ್ಟೇ ಇದ್ದವು. ಆದರೂ ಅದರ ಪರದೆಯಲ್ಲಿ ಕನ್ನಡವೆಂದರೆ ಚೌಕ, ಚೌಕ, ಮತ್ತೊಂದು ಚೌಕ. ಇದಕ್ಕೊಂದು ಕಳ್ಳದಾರಿ ಮಾತ್ರ ಇತ್ತು. ಒಪೇರಾ ಮಿನಿಯ ವಿಳಾಸಪಟ್ಟಿಯಲ್ಲಿ ‘ಒಪೇರಾ ಕಾನ್ಫಿಗ್’ ಎಂಬ ಮಂತ್ರ ಕುಟ್ಟಿ, ಪಟ್ಟಿಯ ಕೊನೆಯ ಕಡೆಗಿಳಿದು, ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸಬೇಕೇ ಎಂಬ ಪ್ರಶ್ನೆಗೆ ‘ಯೆಸ್’ ಎನ್ನಬೇಕು. ಆಗ ದೂರದ ಯಾವುದೋ ಸರ್ವರ್ ಕನ್ನಡದ ಅಕ್ಷರಗಳನ್ನು ಚಿತ್ರಗಳಾಗಿಸಿ ಕಳಿಸುತ್ತಿತ್ತು, ಚೌಕಗಳು ಕರಗಿ ಪತ್ರಿಕೆಯ ತಲೆಬರಹ ಮೂಡುತ್ತಿತ್ತು. ಈ ವಿದ್ಯೆ ಬಲ್ಲ ಹುಡುಗನಿಗೆ ಊರಿನಲ್ಲಿ ಜೋಯಿಸರ ಸಮಾನ ಗೌರವ. ಓದಬಹುದಿತ್ತು, ಅಷ್ಟೇ; ಬರೆಯುವಂತಿರಲಿಲ್ಲ. ಬರೆಯಲು ಬಿಟ್ಟದ್ದು ಹೈದರಾಲಿಯ ಗಾಜೇ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡದ ಮಾತನ್ನೂ ಬರಹವಾಗಿಸತೊಡಗಿದ ಮೇಲೆ, ಇಂಗ್ಲಿಷ್ ಅಕ್ಷರ ಗೊತ್ತಿಲ್ಲದೆ ಕೀಲಿಮಣೆ ಯುಗದುದ್ದಕ್ಕೂ ಸುಮ್ಮನೆ ಕೂತಿದ್ದ ಅಜ್ಜಿಯರು ಒಮ್ಮೆಲೇ ಸಾಹಿತ್ಯಕ್ಷೇತ್ರಕ್ಕೆ ಧುಮುಕಿದರು. ‘ಕೊಳೆ’ ಈಗ ಕೊಳೆಯೇ. ಪ್ರಬಂಧಕಾರನಿಗೆ ಇದು ನುಂಗಲಾರದ ತುತ್ತು, ಆದರೂ ದಾಖಲಿಸಿದ್ದಾನೆ.

2022ರ ಜನವರಿ 4ರಂದು ಬ್ಲ್ಯಾಕ್‌ಬೆರಿ ತನ್ನ ಹಳೆಯ ಫೋನುಗಳ ಸೇವೆಯನ್ನು ಪೂರ್ತಿ ನಿಲ್ಲಿಸಿತು. 2024ರಲ್ಲಿ ಐಫೋನಿಗೇ ಗುಂಡಿಗಳ ಕವಚ ತೊಡಿಸುವ ‘ಕ್ಲಿಕ್ಸ್’ ಎಂಬುದು ಬಂದಿದೆ. ಗಾಜಿಗೆ ಗುಂಡಿ ಹಚ್ಚುವ ಈ ಸಂಕರವನ್ನು ಯಾವ ಕಾಲಕ್ಕೆ ಸೇರಿಸಬೇಕೆಂಬುದು ಇತ್ಯರ್ಥವಾಗಿಲ್ಲ. ಅದರಲ್ಲಿ ಅಡಿಕೆ ಧಾರಣೆ ಕಳಿಸಿದವರು ಸಿಕ್ಕ ಮೇಲೆ ನೋಡೋಣ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಮಾದರಿಯ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಕೂರುತ್ತಿಲ್ಲವಾದ್ದರಿಂದ ‘ಇನ್‌ಬಾಕ್ಸ್’ ಭಾಗದ ಉತ್ಖನನ ಅರ್ಧಕ್ಕೆ ನಿಂತಿದೆ. ಬಿಪಿ-4ಎಲ್ ಎಂಬ ಗುರುತಿನ ಬ್ಯಾಟರಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಕಳಿಸಿಕೊಡಬೇಕು. ಇ71, ಇ72ಗಳದ್ದೂ ಆದೀತು. ಬದಲಿಗೆ ಹಣ ಕೊಡುವ ಕ್ರಮ ವಿದ್ವತ್ ವಲಯದಲ್ಲಿಲ್ಲ. ಈ ಪ್ರಬಂಧದ ಎರಡು ಪ್ರತಿ ಕಳಿಸಲಾಗುವುದು. ಒಂದೇ ಸಾಕು ಎಂದವರಿಗೂ ಎರಡು.