ಬೆಳೆ ರಕ್ಷಣೆ ಕೋವಿ ಮಹಾತ್ಮೆ

ಮನುಷ್ಯ ಈವರೆಗೆ ಮಾಡಿಕೊಂಡ ಆಯುಧಗಳಲ್ಲಿ ಅತ್ಯಂತ ಸಾಧು ಸ್ವಭಾವದ್ದು ಯಾವುದು ಎಂದು ಕೇಳಿದರೆ ಮಲೆನಾಡಿನವರು ಯೋಚಿಸಬೇಕಾಗಿಲ್ಲ. ಬೆಳೆ ರಕ್ಷಣೆಯ ಕೋವಿ. ಅದು ಹಂದಿಯನ್ನು ಕೊಲ್ಲುವುದಿಲ್ಲ, ಮಂಗನನ್ನು ಮುಟ್ಟುವುದಿಲ್ಲ, ನವಿಲಿನ ಕಡೆ ತಿರುಗಿಯೂ ನೋಡುವುದಿಲ್ಲ. ವರ್ಷದ ಬಹುಪಾಲು ಬೀರುವಿನಲ್ಲಿ ಎಣ್ಣೆ ಸವರಿಸಿಕೊಂಡು ಮಲಗಿರುತ್ತದೆ. ಚುನಾವಣೆ ಬಂದಾಗ ಎದ್ದು ಪೊಲೀಸ್ ಠಾಣೆಗೆ ಹೋಗಿ ಅಲ್ಲಿ ಮಲಗುತ್ತದೆ. ಇಂಥದ್ದನ್ನು ಹೊಸದಾಗಿ ಕೊಳ್ಳಬೇಕೆಂದು ಹೊರಟಿರುವ ತೋಟಗಾರರು ಈಗಲೂ ಅಲ್ಲಲ್ಲಿ ಇದ್ದಾರೆಂದು ಕೇಳಿ ಸಂತೋಷವಾಯಿತು. ಅವರ ಉಪಯೋಗಕ್ಕಾಗಿ ಈ ನಾಲ್ಕು ಮಾತು.

ಮೊದಲು, ಯಾವ ಕೋವಿ ಎಂಬ ಪ್ರಶ್ನೆ. ಈ ವಿಷಯದಲ್ಲಿ ಅಮೆರಿಕದ ರೈತನ ಪಾಡು ನೋಡಿದರೆ ಅಯ್ಯೋ ಅನಿಸುತ್ತದೆ. ದಕ್ಷಿಣ ಡಕೋಟಾದ ಹುಲ್ಲುಗಾವಲಿನಲ್ಲಿ ಬಿಲ ತೋಡುವ ಪ್ರೇರಿ ಡಾಗ್ ಎಂಬ ಅಳಿಲಿನ ಜಾತಿಯ ಪ್ರಾಣಿಗೆ ಗುಂಡು ಹೊಡೆಯಬೇಕೆಂದರೆ ಅವನು .223 ರೈಫಲ್ ಕೊಳ್ಳಬೇಕೋ, .22-250 ಕೊಳ್ಳಬೇಕೋ, 1935ರಲ್ಲಿ ಬಂದು ಸೆಕೆಂಡಿಗೆ ಸುಮಾರು 1,200 ಮೀಟರ್ ವೇಗದಲ್ಲಿ ಗುಂಡು ಹಾರಿಸಿದ .220 ಸ್ವಿಫ್ಟೇ ಇರಲೋ ಎಂದು ತಲೆ ಕೆಡಿಸಿಕೊಳ್ಳಬೇಕು. ಒಂದೇ ಸಮನೆ ಹೊಡೆದಾಗ ನಳಿಗೆ ಕಾದು ಗುರಿ ಆಚೀಚೆ ಆಗಬಾರದೆಂದು ದಪ್ಪ ನಳಿಗೆಯದ್ದು ಹುಡುಕಬೇಕು. ಮೇಲೊಂದು ದೂರದರ್ಶಕ, ಕೆಳಗೊಂದು ಎರಡು ಕಾಲಿನ ಊರುಗೋಲು. ಇಷ್ಟೆಲ್ಲ ಮಾಡಿಯೂ ಕೊನೆಗೆ ಅವನಿಗೆ ಸಿಗುವುದು ಏನು? ಪ್ರಾಣಿ ಸಾಯುತ್ತದೆ, ಅಷ್ಟೇ. ಅದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಆಯ್ಕೆಯ ಈ ಗೋಜಲಿನಿಂದ ನಮ್ಮ ಸರ್ಕಾರ ನಮ್ಮನ್ನು 1959ರಲ್ಲೇ ಪಾರು ಮಾಡಿದೆ. ಆ ವರ್ಷದ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ಕಾಯುವವನಿಗೆ ಯಾವ ಕೋವಿ ಎಂದು ತಾನೇ ಗೊತ್ತುಮಾಡಿಟ್ಟಿದೆ: ಬಾಯಿಯಿಂದ ಮದ್ದು ತುಂಬುವ ಕೋವಿ. ನಮ್ಮ ಕಡೆಯ ಭಾಷೆಯಲ್ಲಿ ಕೇಪಿನ ಕೋವಿ. ನೆಪೋಲಿಯನ್ನನ ಸೈನಿಕರು ನೋಡಿದರೆ ತಮ್ಮದೇ ದಾಯಾದಿ ಎಂದು ಗುರುತು ಹಿಡಿಯಬಹುದಾದ ಮಾದರಿ. ಅದು ಸಾಲದೆಂದು ಜಿಲ್ಲಾಧಿಕಾರಿಗಳಿಗೆ ಮನವರಿಕೆಯಾದರೆ ಮಾತ್ರ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ತೋಟೆ ಕೋವಿ ಕೊಡಬಹುದು; ಅದೂ ಒಳಗೆ ನುಣುಪಾಗಿರಬೇಕು, ಗುರಿಗೆ ಸಹಾಯ ಮಾಡುವ ಸುರುಳಿ ಗೀರುಗಳು ಇರಕೂಡದು. ರೈಫಲ್ಲಿನ ಆಸೆಯನ್ನು ಅಲ್ಲಿಗೇ ಬಿಡಿ.

ಕೇಪಿನ ಕೋವಿಯ ಗುಣ ತಿಳಿಯಬೇಕಾದರೆ ಅದನ್ನು ತುಂಬಿಸುವ ಕ್ರಮ ನೋಡಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಮದ್ದು ಸುರಿಯಬೇಕು. ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು. ಚರೆ ಹಾಕಿ, ಮತ್ತೆ ನಾರು, ಮತ್ತೆ ಗಜ. ಆಮೇಲೆ ಕುದುರೆ ಎತ್ತಿ ಕೇಪು ಕೂರಿಸಬೇಕು. ಇಷ್ಟು ಹೊತ್ತಿನಲ್ಲಿ ಬಾಳೆಗೊನೆಯ ಮೇಲಿದ್ದ ಮಂಗ ತಾನು ಮಾಡುತ್ತಿರುವುದು ಸರಿಯೇ ಎಂದು ಯೋಚಿಸಲು, ಸರಿಯೆಂದು ತೀರ್ಮಾನಿಸಲು, ಉಳಿದ ಹಣ್ಣನ್ನೂ ಮುಗಿಸಿ ಪಕ್ಕದ ತೋಟಕ್ಕೆ ದಾಟಲು ಬೇಕಾದಷ್ಟು ಸಮಯವಿದೆ. ಎದುರಾಳಿಗೆ ಇಷ್ಟು ಅವಕಾಶ ಕೊಡುವ ಅಸ್ತ್ರ ನಮ್ಮ ಪುರಾಣಗಳಲ್ಲೂ ಇದ್ದಂತಿಲ್ಲ. ಮಳೆಗಾಲದಲ್ಲಂತೂ ಅದರ ಔದಾರ್ಯ ಇನ್ನೂ ದೊಡ್ಡದು. ಆಗುಂಬೆಯ ಸುತ್ತಿನ ಜೂನ್‌, ಜುಲೈ ಥಂಡಿಯಲ್ಲಿ ಮದ್ದು ಹಸಿಯಾಗಿ, ಕುದುರೆ ಬಿದ್ದಾಗ 'ಟಿಕ್' ಎಂಬ ಸಣ್ಣ ಸದ್ದು ಮಾತ್ರ ಬರುತ್ತದೆ. ಹಂದಿ ಕಿವಿ ನಿಮಿರಿಸಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಗೆಣಸಿನ ಸಾಲಿಗೆ ಮರಳುತ್ತದೆ.

ಇಂಥ ಕೋವಿಗೂ ಲೈಸೆನ್ಸು ಬೇಕೇ ಎನ್ನಬೇಡಿ. ಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿ, ಪೊಲೀಸ್ ವರದಿ, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ, ರಾಷ್ಟ್ರೀಯ ದತ್ತಾಂಶದಲ್ಲಿ ನಿಮಗೊಂದು ವಿಶಿಷ್ಟ ಸಂಖ್ಯೆ, ಎಲ್ಲವೂ ಆಗಬೇಕು. ದೇಹ ಮತ್ತು ಮನಸ್ಸು ಸ್ವಸ್ಥವಾಗಿವೆ ಎಂಬ ವೈದ್ಯರ ಪ್ರಮಾಣಪತ್ರವೂ ಬೇಕು. ಕಾಡಿನ ಅಂಚಿನಲ್ಲಿ ಅಡಿಕೆ, ಬಾಳೆ, ಏಲಕ್ಕಿ ಬೆಳೆಯುತ್ತ, ಮಂಗನ ಹಿಂಡು ಎಳೆ ಅಡಿಕೆಯನ್ನು ಚೀಪಿ ಬುಡಕ್ಕೆ ಸುರಿಯುವುದನ್ನು ವರ್ಷ ವರ್ಷ ನೋಡುತ್ತ, ಇನ್ನೂ ತೋಟ ಮಾರದೆ ಉಳಿದ ಮನುಷ್ಯನ ಮನಸ್ಸು ಸ್ವಸ್ಥವಾಗಿದೆ ಎಂದು ಬರೆದು ಸಹಿ ಹಾಕುವುದು ವೈದ್ಯರಿಗೂ ಸುಲಭದ ಕೆಲಸವಲ್ಲ. ಆದರೂ ಹಾಕಿಕೊಡುತ್ತಾರೆ. ಪುಣ್ಯವಂತರು.

ಇನ್ನು ಮುಖ್ಯ ವಿಷಯ. ಕೋವಿ ಬಂತು, ಲೈಸೆನ್ಸು ಪುಸ್ತಕದಲ್ಲಿ 'ಬೆಳೆ ರಕ್ಷಣೆಗಾಗಿ' ಎಂದು ಬರೆದೂ ಆಯಿತು. ಯಾವುದಕ್ಕೆ ಗುರಿ ಇಡುವುದು? ಈ ಪ್ರಶ್ನೆಗೆ ಉತ್ತರ ಬೇರೊಂದು ಇಲಾಖೆಯಲ್ಲಿದೆ. ಒಂದು ಕಚೇರಿ ಕೋವಿ ಕೊಡುತ್ತದೆ, ಇನ್ನೊಂದು ಕಚೇರಿ ಗುರಿಗಳನ್ನೆಲ್ಲ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದೆ. ಆಡಳಿತದಲ್ಲಿ ಸಮತೋಲನ ಎಂದರೆ ಇದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಪ್ರತಿ ಕೋವಿಯ ಜೊತೆಗೂ ಉಚಿತವಾಗಿ ಕೊಡಬೇಕಿತ್ತು. ಅದರಲ್ಲಿ ನವಿಲು ಮೊದಲನೇ ಅನುಸೂಚಿಯಲ್ಲಿದೆ. ರಾಷ್ಟ್ರಪಕ್ಷಿ, ಅದರ ಬಗ್ಗೆ ಮಾತೇ ಬೇಡ. ನಮ್ಮ ಊರಿನ ಸಾಮಾನ್ಯ ಕೆಂಪು ಮೂತಿಯ ಮಂಗ ಮೊದಲು ಅಷ್ಟು ಮೇಲಿನ ಅಂತಸ್ತಿನದಾಗಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಅದಕ್ಕೂ ಬಡ್ತಿ ಸಿಕ್ಕಿ, ಈಗ ಅದು ಹುಲಿ, ಆನೆ, ಸಿಂಗಳೀಕಗಳ ಜೊತೆ ಮೊದಲನೇ ಅನುಸೂಚಿಯಲ್ಲಿ ಕುಳಿತಿದೆ. ಆ ಪಂಕ್ತಿಯಲ್ಲಿ ಕುಳಿತವರು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾದರೆ, ಇಲ್ಲವೇ ಗುಣವಾಗದಷ್ಟು ಕಾಯಿಲೆ ಬಿದ್ದರೆ ಅಥವಾ ಊನವಾದರೆ ಮಾತ್ರ ಮುಂದಿನ ಮಾತು. ಬೆಳೆ ತಿಂದದ್ದು ಕಾರಣವೇ ಅಲ್ಲ. ಹಂದಿ ಎರಡನೇ ಅನುಸೂಚಿಯದು, ಅಷ್ಟು ಕುಲೀನವಲ್ಲ. ಅದು ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ವಾರ್ಡನ್ನರಿಗೋ ಅವರು ಅಧಿಕಾರ ಕೊಟ್ಟವರಿಗೋ ತೃಪ್ತಿಯಾದರೆ, ಕಾರಣಗಳನ್ನು ನಮೂದಿಸಿ ಲಿಖಿತ ಆದೇಶ ಹೊರಡಿಸಬಹುದು. ಹಂದಿ ರಾತ್ರಿ ಬರುತ್ತದೆ, ಅರ್ಜಿ ಹಗಲು ಹೋಗುತ್ತದೆ. ಎರಡೂ ದಾರಿಯಲ್ಲಿ ಎಲ್ಲೂ ಎದುರಾಗುವುದಿಲ್ಲ.

ಉಪದ್ರವಿ ಪ್ರಾಣಿಗಳಿಗೆಂದೇ ಒಂದು ಐದನೇ ಅನುಸೂಚಿ ಇತ್ತು. ಅದರಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿಗಳ ಹೆಸರಿದ್ದವು. ಜೋಡುನಳಿಗೆ ಕೋವಿ ಇಟ್ಟುಕೊಂಡವನು ಬೇರೇನೂ ಇಲ್ಲದಿದ್ದರೆ ಇಲಿಗಾದರೂ ಹೊಡೆದು ಲೈಸೆನ್ಸಿನ ಋಣ ತೀರಿಸಬಹುದಿತ್ತು. 2022ರ ತಿದ್ದುಪಡಿ ಆ ಅನುಸೂಚಿಯನ್ನೇ ತೆಗೆದುಹಾಕಿತು. ಇನ್ನು ಮುಂದೆ ಯಾವುದನ್ನಾದರೂ ಉಪದ್ರವಿ ಎನ್ನಬೇಕಾದರೆ ಕೇಂದ್ರ ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸಬೇಕು. ಬಿಹಾರದ ನೀಲ್‌ಗಾಯ್‌ಗೂ ಉತ್ತರಾಖಂಡದ ಹಂದಿಗೂ ಹಿಂದೆ ಒಮ್ಮೆ ಈ ಬಿರುದು ಸಿಕ್ಕಿತ್ತು. ಕೇರಳದವರು ಕೇಳಿ ಕೇಳಿ ಸಾಕಾಗಿ, 2022ರಲ್ಲಿ ಹಂದಿ ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೇ ಕೊಟ್ಟರು. ಅವಸರದ ಜನ.

ಗುರಿ ತಪ್ಪಿತು, ಆದ್ದರಿಂದ ತಪ್ಪಿಲ್ಲ ಎಂದುಕೊಳ್ಳುವವರೂ ಇದ್ದಾರೆ. ಕಾಯ್ದೆಯ ಪ್ರಕಾರ ಪ್ರಯತ್ನವೂ ಬೇಟೆಯೇ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು, ಹೊಡೆದ ಕೋವಿಯೂ ಜಪ್ತಿಯಾದ ಮೇಲೆ ಸರ್ಕಾರದ ಸ್ವತ್ತು. ಅದು ತಿಂದ ಬೆಳೆ ಮಾತ್ರ ಸಂಪೂರ್ಣವಾಗಿ ನಿಮ್ಮದೇ.

ಈಗ ಚುನಾವಣೆಗೆ ಬರೋಣ. ಕೋವಿಯ ಸಾರ್ವಜನಿಕ ಜೀವನ ಶುರುವಾಗುವುದೇ ಅಲ್ಲಿಂದ. ನೀತಿ ಸಂಹಿತೆ ಜಾರಿಯಾದ ಮೇಲೆ ಜಿಲ್ಲಾಡಳಿತದ ಆದೇಶ ಹೊರಡುತ್ತದೆ, ಠಾಣೆಯಿಂದ ಫೋನು ಬರುತ್ತದೆ.

"ಹೆಗ್ಡೇರೇ, ಕೋವಿ ತಂದಿಡಲಿಲ್ವಲ್ಲ ಇನ್ನೂ?"

"ತರ್ತೆ ಮಾರಾಯ್ರೆ. ಬಾಳೆಗೊನೆ ಕಡೀಲಿಕ್ಕೆ ಬಂದಿತ್ತು, ಒಂದು ವಾರ..."

"ಬಾಳೆ ಆಮೇಲೆ ನೋಡ್ಕೊಳಿ. ಮೇಲಿಂದ ಲಿಸ್ಟ್ ಕೇಳ್ತಿದಾರೆ."

2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂದು ಜೂನ್ 6ಕ್ಕೆ ಹೋಯಿತು. ಕರ್ನಾಟಕದಲ್ಲಿ ಮತದಾನ ಏಪ್ರಿಲ್ 26 ಮತ್ತು ಮೇ 7ಕ್ಕೇ ಮುಗಿದಿತ್ತು; ಆದರೆ ಮತಯಂತ್ರಗಳು ಸ್ಟ್ರಾಂಗ್ ರೂಮಿನಲ್ಲಿರುವಾಗ ಕೋವಿಗಳು ಮನೆಯಲ್ಲಿರುವುದು ಚೆನ್ನಾಗಿರುವುದಿಲ್ಲ. ಅದರ ಹಿಂದಿನ ವರ್ಷ ವಿಧಾನಸಭೆಗೆ ಮಾರ್ಚ್ 29ರಿಂದಲೇ ಸಂಹಿತೆ. ಹಲಸು ಬಲಿಯುವ, ಬಾವಿ ಬತ್ತುವ, ಕಾಡಿನಲ್ಲಿ ನೀರಿಲ್ಲದೆ ಪ್ರಾಣಿಗಳೆಲ್ಲ ತೋಟಕ್ಕಿಳಿಯುವ ಬೇಸಗೆಯಲ್ಲೇ ಪ್ರಜಾಪ್ರಭುತ್ವಕ್ಕೂ ನಮ್ಮ ರಾಜ್ಯದಲ್ಲಿ ಸುಗ್ಗಿ. ಯಾರು ಕೋವಿ ಇಡಬೇಕು, ಯಾರಿಗೆ ವಿನಾಯಿತಿ ಕೊಡಬಹುದು ಎಂದು ಪರಿಶೀಲಿಸಲು ಸಮಿತಿ ಇದೆ, ಅರ್ಜಿ ಹಾಕಿಕೊಳ್ಳಬಹುದು. ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಹೊಸ ಸಂಸದರಿಗೆ ಹಾರ ಹಾಕುವ ದಿನವೂ ಬಂದಿರುತ್ತದೆ.

ಈ ಕ್ರಮವನ್ನು ಟೀಕಿಸುವವರು ಅದರ ಹಿಂದಿರುವ ದೂರದೃಷ್ಟಿಯನ್ನು ಗಮನಿಸಿಲ್ಲ. ಅರವತ್ತೈದು ದಾಟಿದ, ಮಂಡಿನೋವಿನ ಅಡಿಕೆ ಬೆಳೆಗಾರರೊಬ್ಬರು ಕೇಪಿನ ಕೋವಿ ಹಿಡಿದು ಶಾಲೆಯ ಮತಗಟ್ಟೆಗೆ ನುಗ್ಗಿದರೆ? ಒಂದು ಈಡು ಹಾರಿಸಿ, ಎರಡನೆಯದಕ್ಕೆ ಮದ್ದು ಜಡಿಯುವಷ್ಟರಲ್ಲಿ ಸಾಲಿನಲ್ಲಿ ನಿಂತ ಅಷ್ಟೂ ಜನ ಮತ ಹಾಕಿ, ಮನೆಗೆ ಹೋಗಿ ಊಟ ಮಾಡಬಹುದು ಎಂಬುದು ನಿಜ. ಆದರೂ ಮತದಾರರ ಮನಸ್ಸಿನ ಮೇಲೆ ಪರಿಣಾಮ ಆಗಿಯೇ ಆಗುತ್ತದೆ. ನೋಟು ಹಂಚುವವರಿಂದ ಅಂಥ ಭಯವಿಲ್ಲ. ಅವರು ಆಯುಧ ಇಟ್ಟುಕೊಳ್ಳುವುದಿಲ್ಲ.

ಈ ಒಂದು ವಿಷಯದಲ್ಲಿ ನಮ್ಮ ರಾಜ್ಯ ಸರ್ಕಾರಗಳು, ಪಕ್ಷಭೇದವಿಲ್ಲದೆ, ಬೆಳೆಗಾರರ ಮೇಲೆ ತೋರಿಸಿದ ಕರುಣೆಯನ್ನು ಯಾರೂ ನೆನೆಯುತ್ತಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲವಲ್ಲ, ಅದಕ್ಕೆ ಮೀಸಲಾತಿ, ಕ್ಷೇತ್ರ ವಿಂಗಡಣೆ ಎಂದೆಲ್ಲ ಕಾರಣ ಹೇಳಿದರು. ಅಸಲು ಕಾರಣ ಇದೇ ಇರಬೇಕು: ಕೋವಿ ಇನ್ನೊಂದು ಸಲ ಠಾಣೆಗೆ ಹೋಗದಿರಲಿ ಎಂದು.

ಕೊಡಗಿನವರ ಕೋವಿಗೆ ಈ ತಾಪತ್ರಯವೆಲ್ಲ ಇಲ್ಲವಲ್ಲ ಎಂದು ಕೆಲವರು ಕರುಬುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ಹೌದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಹಂದಿಯ ಅನುಸೂಚಿ ಕೊಡಗಿಗೊಂದು, ಕೊಪ್ಪಕ್ಕೊಂದು ಎಂದಿಲ್ಲ. ಅದನ್ನರಿತೇ ಅವರು ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ತೆಂಗಿನಕಾಯಿ ಯಾವ ಅನುಸೂಚಿಯಲ್ಲೂ ಇಲ್ಲ. ಇದನ್ನು ಉಳಿದ ಜಿಲ್ಲೆಗಳವರೂ ಕಲಿಯಬೇಕು.

ಕಾನೂನು ಒಪ್ಪಿದರೂ ಹೊಡೆಯುವವರಾರು ಎಂಬ ಪ್ರಶ್ನೆ ಬೇರೆ ಇದೆ. ಶಿಮ್ಲಾ ನಗರದಲ್ಲಿ 2016ರಲ್ಲಿ ಮಂಗಗಳನ್ನು ಉಪದ್ರವಿ ಎಂದು ಘೋಷಿಸಿಯೇಬಿಟ್ಟರು. ಕೋವಿ ಎತ್ತಿಕೊಂಡು ಮುಂದೆ ಬಂದವರು ವಿರಳ. ಹನುಮಂತನ ಗುಡಿಗೆ ಶನಿವಾರ ಹಣ್ಣುಕಾಯಿ ಕೊಟ್ಟು ಬಂದ ಕೈ ಭಾನುವಾರ ಕುದುರೆ ಎಳೆಯಲು ಒಪ್ಪುವುದಿಲ್ಲ. ನಮ್ಮಲ್ಲೂ ಹಾಗೆಯೇ. ತೋಟಗಾರನಿಗೆ ಬೇಕಾಗಿರುವುದು ಒಂದು ದೊಡ್ಡ ಸದ್ದು, ಮಂಗ ಒಂದೆರಡು ದಿನ ಈ ಕಡೆ ಬರದಿದ್ದರೆ ಸಾಕು. ಆ ಸದ್ದಿಗೆ ಇಷ್ಟೆಲ್ಲ ಕಾಗದ.

ಹೀಗಾಗಿ ಕೋವಿಯ ಬದಲು ಬೇರೆ ಉಪಾಯ ಹುಡುಕುವ ಅಡ್ಡದಾರಿಯವರೂ ಹುಟ್ಟಿಕೊಂಡಿದ್ದಾರೆ. ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಬಣ್ಣದ ಡಬ್ಬಿಗೆ ಲೈಸೆನ್ಸು ಬೇಡ, ಚುನಾವಣೆಗೆ ನಾಯಿಯನ್ನು ಠಾಣೆಗೆ ಒಪ್ಪಿಸಬೇಕಾಗಿಲ್ಲ. 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್‌ಗನ್ನಿಗೂ ಲೈಸೆನ್ಸು ಬೇಡ. ಆದರೆ ಅದರಿಂದ ಮಂಗನಿಗೆ ಗಾಯ ಮಾಡಿದರೂ ಬೇಟೆ ಬೇಟೆಯೇ. ಶಿವಮೊಗ್ಗ ಜಿಲ್ಲೆಯಲ್ಲಿ ಮಂಗಗಳಿಗೆಂದೇ ಒಂದು ಪಾರ್ಕು ಮಾಡುವ ಮಾತೂ ಒಮ್ಮೆ ಬಂದಿತ್ತು. ಮಂಗಗಳ ಅಭಿಪ್ರಾಯದಲ್ಲಿ ಪಾರ್ಕು ಈಗಾಗಲೇ ಇದೆ, ನಿರ್ವಹಣೆಯ ಖರ್ಚು ತೋಟದ ಯಜಮಾನರದ್ದು.

ಇಷ್ಟಾದ ಮೇಲೂ ಹೊಸ ಕೋವಿ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಪೂರ್ಣ ಬೆಂಬಲವಿದೆ. ನಳಿಗೆಯ ಉದ್ದ, ಕುದುರೆಯ ಬಿಗಿತ, ಚರೆ ಎಷ್ಟು ದೂರ ಹೋಗುತ್ತದೆ ಎಂದೆಲ್ಲ ಅಂಗಡಿಯವನನ್ನು ಪೀಡಿಸಬೇಡಿ. ತೂಕ ಒಂದನ್ನು ನೋಡಿ: ಬಸ್ಸಿನಲ್ಲಿ ಠಾಣೆಯವರೆಗೆ ಹೊತ್ತೊಯ್ಯಲು ಹಗುರವಾಗಿರಬೇಕು. ತುಕ್ಕು ಬೇಗ ಹಿಡಿಯದ ಕಬ್ಬಿಣವಾದರೆ ಒಳ್ಳೆಯದು, ಠಾಣೆಯ ಮೂಲೆಗಳಲ್ಲಿ ಥಂಡಿ ಹೆಚ್ಚು. 2019ರಿಂದ ಲೈಸೆನ್ಸಿನ ಅವಧಿ 3 ವರ್ಷದ ಬದಲು 5 ವರ್ಷ ಆಗಿದೆ, ಆ ಐದರಲ್ಲಿ ಲೋಕಸಭೆಯೂ ವಿಧಾನಸಭೆಯೂ ಒಂದೊಂದು ಸಲ ಖಂಡಿತ ಬರುತ್ತವೆ. ಕೋವಿ ಒಪ್ಪಿಸಿದಾಗ ಕೊಡುವ ರಸೀದಿಯನ್ನು ಮಾತ್ರ ಜೋಪಾನವಾಗಿಡಿ. ಅದಿಲ್ಲದೆ ವಾಪಸ್ ಕೊಡುವುದಿಲ್ಲ.